ಉದ್ದ ಗಾಡಿ ತಗ್ಗಿದ ಎರಡು ಬೆರಳು

ಸ್ಪ್ರಿಂಗಿನ ವಿಷಯದಲ್ಲಿ ಸುರುಳಿಯಮ್ಮನ ಜೊತೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ. ಗೆಲ್ಲುವುದು ಹಾಗಿರಲಿ, ಆಡಲು ಬಂದ ಮಾತನ್ನು ಪೂರ್ತಿ ಆಡಿ ಮುಗಿಸಿದವರೂ ಕಡಿಮೆಯೇ. ಗಿರಾಕಿ ಗಾಡಿ ನಿಲ್ಲಿಸಿ ಇಳಿಯುವಷ್ಟರಲ್ಲಿ ಅವಳು ಅಂಗಡಿಯ ಬಾಗಿಲಿಂದಲೇ ಗಾಡಿಯ ಹಿಂಭಾಗ ನೋಡಿಯಾಗಿರುತ್ತಿತ್ತು. ಅವನು ನಮಸ್ಕಾರ ಅನ್ನುವುದರೊಳಗೆ ಇವಳ ತೀರ್ಪು ಹೊರಬೀಳುತ್ತಿತ್ತು.

"ಎಡಗಡೆದು ಕೂತುಬಿಟ್ಟಿದೆ. ಹೋದ ಸಲ ಯಾರ ಹತ್ರ ಹಾಕಿಸಿದ್ರಿ? ಬೇಡ, ಹೇಳ್ಬೇಡಿ. ಹೆಸರು ಕೇಳಿದ್ರೆ ನನಗೆ ಇಡೀ ದಿನ ಸಿಟ್ಟು ಇಳಿಯಲ್ಲ."

ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇದೆ. ಅದನ್ನು ಹಿಡಿದು ಕರೆಯುವವಳು ಅಕ್ಕ ಒಬ್ಬಳೇ, ಅದೂ ಕೋಪ ಬಂದಾಗ ಮಾತ್ರ. ಉಳಿದವರಿಗೆಲ್ಲ ಅವಳು ಸುರುಳಿಯಮ್ಮ. ಅಪ್ಪನ ಕಾಲದ ಅಂಗಡಿ. ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು, ಸರಳಿನ ತುಂಬ ತೂಗುವ ಸ್ಪ್ರಿಂಗುಗಳು. ಅಂಗೈಯಲ್ಲಿ ಹಿಡಿಸುವಂಥದ್ದರಿಂದ ಹಿಡಿದು ಇಬ್ಬರು ಎತ್ತಬೇಕಾದಂಥದ್ದರವರೆಗೆ. ಹನ್ನೆರಡು ವರ್ಷದವಳಿದ್ದಾಗ ಅಪ್ಪ ಅವಳ ಕಣ್ಣಿಗೆ ಟವೆಲು ಕಟ್ಟಿ, ಕೈಗೆ ಸ್ಪ್ರಿಂಗು ಕೊಟ್ಟು, ಕಂಬಿ ಎಷ್ಟು ದಪ್ಪ ಹೇಳು ಅನ್ನುತ್ತಿದ್ದ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅರ್ಧ ಮಿಲಿಮೀಟರೂ ತಪ್ಪದೆ ಹೇಳುತ್ತಿದ್ದಳಂತೆ. ಆ ಬೆರಳುಗಳ ಜಂಬ ಐವತ್ತೆಂಟನೇ ವಯಸ್ಸಿನಲ್ಲೂ ಹಾಗೇ ಇತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ನನ್ನ ಮಾತು ಕೇಳೋ ಗಂಡು ಸಿಗಲಿಲ್ಲ, ಸ್ಪ್ರಿಂಗುಗಳು ಕೇಳಿದ್ವು," ಅಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಮಾತು ಕೇಳುವವರು ಇನ್ನಿಬ್ಬರಿದ್ದರು. ಅಕ್ಕ ಮತ್ತು ಬಾವ.

ಅಮ್ಮ ತೀರಿಕೊಂಡಾಗ ಇವಳಿಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಇವಳ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು, ಶಾಲೆಯ ಫಾರಂಗೆ ಅಪ್ಪನ ಸಹಿಯನ್ನು ಅಪ್ಪನಿಗಿಂತ ಚೆನ್ನಾಗಿ ಹಾಕಿಕೊಟ್ಟಿದ್ದು ಎಲ್ಲ ಅಕ್ಕನೇ. ಹಾಗಾಗಿ ಜಗತ್ತಿನ ಮೇಲೆಲ್ಲ ಗದರುವ ಸುರುಳಿಯಮ್ಮ ಅಕ್ಕನ ಮುಂದೆ ಬರೀ ಗೇಲಿ ಮಾಡುತ್ತಿದ್ದಳು. ಗೇಲಿಯೇ ಅವಳ ಪ್ರೀತಿ. ಅದು ಅಕ್ಕನಿಗೂ ಗೊತ್ತಿತ್ತು.

ಬಾವ ಹೊಲಿಗೆ ಮಷೀನು ರಿಪೇರಿ ಮಾಡುವವರು. ಮೆತ್ತನೆ ಮಾತು, ಸಣ್ಣ ಸ್ಕ್ರೂ ಹಿಡಿದು ಹಿಡಿದು ಸಣ್ಣಗಾದ ಕಣ್ಣು. ಅವರ ಹತ್ತಿರ ನಲವತ್ತು ವರ್ಷ ದಾಟಿದ ಒಂದು ಸ್ಟೇಷನ್ ವ್ಯಾಗನ್ ಇತ್ತು. ಮನೆಯಲ್ಲಿ ಅದರ ಹೆಸರು ಉದ್ದ ಗಾಡಿ. ನಾಲ್ಕು ಕಬ್ಬಿಣದ ಮಷೀನುಗಳನ್ನು ಮಲಗಿಸಿದರೂ ಇನ್ನೂ ಜಾಗ ಉಳಿಯುವಷ್ಟು ಉದ್ದ. ಅದರ ತೀರಾ ಹಿಂದೆ, ಡಿಕ್ಕಿಯ ನೆಲದಿಂದ ಎತ್ತಿ ನಿಲ್ಲಿಸುವ ಒಂದು ಮಡಚು ಸೀಟು. ಅದರಲ್ಲಿ ಕೂತವರ ಮುಖ ಹಿಂದಕ್ಕೆ, ಬಿಟ್ಟು ಬಂದ ರಸ್ತೆಯ ಕಡೆಗೆ. ಮಕ್ಕಳಿಗೆಂದು ಮಾಡಿದ ಆ ಸೀಟಿನಲ್ಲಿ ಕೂರುತ್ತಿದ್ದವಳು ಅರವತ್ತಾರು ವರ್ಷದ ಅಕ್ಕ. ಯಾಕೆಂದರೆ, "ನಿಮ್ಮ ಬಾವ ಗಾಡಿ ಓಡಿಸೋದನ್ನ ಕಣ್ಣಾರೆ ನೋಡೋ ಧೈರ್ಯ ನನಗಿಲ್ಲ ಕಣೇ. ಹಿಂದೆ ಕೂತ್ರೆ ಏನೇ ಆದ್ರೂ ಆದ್ಮೇಲೆ ತಾನೇ ಗೊತ್ತಾಗೋದು." ಯಾವಾಗಲೂ ಗಾಡಿಯ ಎಡಗಡೆ. ಬಲಗಡೆ ಅವಳ ಚೀಲ.

ಆ ಗಾಡಿ ಮಾಡಿದ ಕಾರ್ಖಾನೆ ಆ ನಮೂನೆಯನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಅದರ ಹಿಂದಿನ ಸ್ಪ್ರಿಂಗು ಬೇಕೆಂದರೆ ಡಬ್ಬಿಯಲ್ಲಿ ಸಿಗುವುದಿಲ್ಲ. ಕಂಬಿಯ ದಪ್ಪ, ಸುತ್ತುಗಳ ಲೆಕ್ಕ, ಭಾರವಿಲ್ಲದಾಗಿನ ಎತ್ತರ ಇವನ್ನೆಲ್ಲ ನೋಡಿ ಬೇರೆ ಯಾವುದೋ ಗಾಡಿಯದನ್ನು ಹೊಂದಿಸಬೇಕು. ಆ ಹೊಂದಿಸುವ ಕೆಲಸದಲ್ಲೇ ಸುರುಳಿಯಮ್ಮನ ಹೆಸರು ನಿಂತಿದ್ದು. ಎಂಟು ವರ್ಷದ ಹಿಂದೆ ಕಾರ್ಖಾನೆಯ ಸ್ಪ್ರಿಂಗುಗಳು ನಿಜವಾಗಿಯೂ ಸೋತಿದ್ದವು, ಬದಲಾಯಿಸಿದಳು. ನಾಲ್ಕು ವರ್ಷದ ಹಿಂದೆ ಗಾಡಿಯ ಹಿಂಭಾಗ ಮತ್ತೆ ತಗ್ಗಿತು, ಇನ್ನೂ ದಪ್ಪ ಕಂಬಿಯದನ್ನು ಹಾಕಿಸಿದಳು. ಈಗ ಮೂರನೇ ಸಲ ತಗ್ಗಿತ್ತು.

ಇದಿಷ್ಟು ಗೊತ್ತಿದ್ದರೆ ಸಾಕು, ಆ ದಿನ ಏನಾಯಿತು ಎಂದು ಹೇಳಬಹುದು.

ಬೆಳಿಗ್ಗೆ ಒಂಬತ್ತಕ್ಕೆ ಉದ್ದ ಗಾಡಿ ಅಂಗಡಿ ಮುಂದೆ ಬಂದು ನಿಂತಿತು. ಮರುದಿನ ಬೆಳಗಾಗುತ್ತಲೇ ಅಕ್ಕ ಬಾವ ಬೆಟ್ಟ ದಾಟಿ ಮಗಳ ಮನೆಗೆ ಹೋಗುವವರಿದ್ದರು. ಇನ್ನೂರು ಕಿಲೋಮೀಟರು, ಅದರಲ್ಲಿ ಅರ್ಧ ತಿರುವಿನ ದಾರಿ. ಅಲ್ಲಿನ ಹೊಲಿಗೆ ಶಾಲೆಗೆ ಕೊಡಲು ನಾಲ್ಕು ಮಷೀನು ಬೇರೆ ಹೇರಬೇಕಿತ್ತು. ಸಂಜೆಯೊಳಗೆ ಹೊಸ ಸ್ಪ್ರಿಂಗು ಕೂರಲೇಬೇಕು.

ಸುರುಳಿಯಮ್ಮ ಟೇಪು ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆದಳು. "ಎಡಗಡೆ ಪೂರ್ತಿ ಎರಡು ಬೆರಳು ಇಳಿದಿದೆ. ಬಲಗಡೆ ಒಂದು." ಟೇಪು ಮಡಚುತ್ತ ಅಕ್ಕನ ಕಡೆ ತಿರುಗಿದಳು. "ಎಡಗಡೆ ಯಾರು ಕೂರ್ತಾರೆ ಅಂತ ನಾನು ಬಾಯಿ ಬಿಟ್ಟು ಹೇಳಲ್ಲಪ್ಪ."

"ಹೇಳು, ಹೇಳು. ನಿನ್ನ ಸೊಂಟ ಏನು ದಾರ ನೋಡು," ಅಂದಳು ಅಕ್ಕ, ಸ್ಟೂಲಿನ ಮೇಲೆ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತ. "ತಮಾಷೆ ಹಾಗಿರ್ಲಿ. ನಾನು ಒಂದು ವರ್ಷದಿಂದ ಹೇಳ್ತಾನೇ ಇದೀನಿ, ನೀನು ಕಿವಿ ಮೇಲೆ ಹಾಕ್ಕೊಳ್ತಿಲ್ಲ. ಗುಂಡಿಗೆ ಇಳಿದಾಗಲೆಲ್ಲ ಸೀಟಿನ ಕೆಳಗಿಂದ ಯಾರೋ ತಟ್ಟಿದ ಹಾಗಾಗುತ್ತೆ."

"ಬಾಗಿಲು ತೆಗೆದು ಯಾರು ಅಂತ ಕೇಳು."

ಬಾವ ನಕ್ಕರು. ಅಕ್ಕನೂ ನಕ್ಕಳು. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಮಾತ್ರ ನಗಲಿಲ್ಲ; ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಅನ್ನುವ ಆಸಾಮಿ, ಅದಕ್ಕೇ ಎಲ್ಲರಿಗೂ ಅವನು ಮೌನಿ. ಸುರುಳಿಯಮ್ಮ ಆರಿಸುವುದು, ಮೌನಿ ಕೂರಿಸುವುದು. ಇಪ್ಪತ್ತು ವರ್ಷದ ಏರ್ಪಾಡು ಅದು. ಅವನು ಕೀ ಇಸಕೊಂಡು ಗಾಡಿಯನ್ನು ತನ್ನ ಶೆಡ್ಡಿಗೆ ಒಯ್ದ. ಬಾವನೂ ಹಿಂದೆಯೇ ಹೋದರು.

ಸುರುಳಿಯಮ್ಮ ಆರಿಸಲು ಕೂತಳು. ಆರಿಸುವುದೆಂದರೆ ಅವಳಿಗೆ ಸೀರೆ ಅಂಗಡಿಗೆ ಹೋದಷ್ಟೇ ಸಂಭ್ರಮ. ಮೇಜಿನ ಮೇಲೆ ಎರಡು ಜೊತೆ ಇಳಿಸಿದಳು. ಒಂದು, ಈಗ ಗಾಡಿಯಲ್ಲಿರುವ ನಂಬರಿನದೇ, ಹೊಚ್ಚ ಹೊಸದು. ಇನ್ನೊಂದು, ಸಾಮಾನು ಸಾಗಿಸುವ ವ್ಯಾನಿನದು. ಕಂಬಿ ಇನ್ನೂ ಒಂದು ಮಿಲಿಮೀಟರು ದಪ್ಪ. ಹಳೇ ನಂಬರನ್ನೇ ಹಾಕಿದರೆ ಸವಾರಿ ಮೆತ್ತಗಿರುತ್ತದೆ, ಆದರೆ ಮತ್ತೆ ನಾಲ್ಕು ವರ್ಷಕ್ಕೆ ಸೋತು ಕೂರುತ್ತದೆ. ದಪ್ಪನೆಯದು ಹಾಕಿದರೆ ಗಾಡಿ ಎದ್ದು ನಿಲ್ಲುತ್ತದೆ, ಆದರೆ ಅಕ್ಕನ ಸೊಂಟ ಕುಲುಕುತ್ತದೆ.

"ಸೊಂಟ ಬೇಕಾ, ಎತ್ತರ ಬೇಕಾ?" ಅಂತ ಅಕ್ಕನನ್ನು ಕೇಳಿದಳು.

"ನನಗೇನು ಗೊತ್ತಾಗುತ್ತೆ? ನೀನು ಯಾವುದು ಅಂತೀಯೋ ಅದು."

"ಹಾಗಾದ್ರೆ ದಪ್ಪಂದು. ಒಂದು ದಿಂಬು ಇಟ್ಕೊ."

ತೀರ್ಮಾನ ಮುಗಿಯಿತು. ದಪ್ಪನೆಯ ಜೊತೆಯನ್ನು ಕೆಳಗಿಳಿಸಿಟ್ಟಳು; ಹಳೇ ನಂಬರಿನ ಹೊಸ ಜೊತೆ ಮೇಜಿನ ಮೇಲೇ ಉಳಿಯಿತು. ಅಷ್ಟರಲ್ಲಿ ಮೌನಿ ಬಿಚ್ಚಿದ ಹಳೇ ಸ್ಪ್ರಿಂಗುಗಳನ್ನು ತಂದ. ಎಂದಿನಂತೆ ಮೂಲೆಯ ಗುಜರಿ ರಾಶಿಗೆ ಎಸೆಯಬೇಕಿತ್ತು. ಬಿಚ್ಚಿದ ಸ್ಪ್ರಿಂಗನ್ನು ಸುರುಳಿಯಮ್ಮ ಯಾವತ್ತೂ ಅಳೆದವಳಲ್ಲ. ಸತ್ತವರ ಎತ್ತರ ಕಟ್ಟಿಕೊಂಡು ಏನಾಗಬೇಕು ಅನ್ನುವುದು ಅವಳ ಧೋರಣೆ. ಗಾಡಿ ತಗ್ಗಿದೆ ಅಂದರೆ ಸ್ಪ್ರಿಂಗು ಸೋತಿದೆ, ಅಲ್ಲಿಗೆ ಮುಗಿಯಿತು. ಆದರೆ ರಾಶಿಗೆ ಹೋಗುವ ದಾರಿಗೆ ಅಡ್ಡ ಅಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಳು. ಅವಳನ್ನು ಎಬ್ಬಿಸಲು ಒಂದು ಮಾತು ಖರ್ಚಾಗುತ್ತದೆಂದೋ ಏನೋ, ಮೌನಿ ಎರಡನ್ನೂ ಮೇಜಿನ ಮೇಲೆ, ಹೊಸ ಜೊತೆಯ ಪಕ್ಕಕ್ಕೇ ನಿಲ್ಲಿಸಿ ಹೋದ.

ಸುರುಳಿಯಮ್ಮ ಬಿಲ್ಲು ಬರೆಯಲು ಪೆನ್ನು ಹುಡುಕುತ್ತಿದ್ದಳು. ತಲೆ ಎತ್ತಿದಾಗ ನಾಲ್ಕು ಸ್ಪ್ರಿಂಗು ಸಾಲಾಗಿ ನಿಂತಿದ್ದವು. ಎರಡು ಕಪ್ಪಗೆ ಮಿರುಗುವವು, ಎರಡು ಕೆಸರು ಮೆತ್ತಿದವು. ನಾಲ್ಕರ ತಲೆಯೂ ಒಂದೇ ಮಟ್ಟ.

ಕಣ್ಣು ಮೋಸ ಮಾಡುತ್ತಿದೆ ಅಂದುಕೊಂಡಳು. ಮೇಜು ವಾಲಿದೆ ಅಂದುಕೊಂಡಳು. ಕೆಸರು ಕೆರೆದು ಮತ್ತೆ ನಿಲ್ಲಿಸಿದಳು. ಮರದ ಪಟ್ಟಿ ತಂದು ನಾಲ್ಕರ ಮೇಲೂ ಅಡ್ಡ ಇಟ್ಟಳು. ಪಟ್ಟಿ ಅಲುಗಾಡದೆ ಕೂತಿತು.

"ಯಾಕೆ, ಏನಾಯ್ತು?" ಅಂದಳು ಅಕ್ಕ.

ಸುರುಳಿಯಮ್ಮ ಹಳೆಯದೊಂದನ್ನು ಎತ್ತಿಕೊಂಡಳು. ಮೂಲೆಯಲ್ಲಿ ಕೈಯಿಂದ ತಿರುಗಿಸುವ ಪ್ರೆಸ್ಸೊಂದಿತ್ತು. ಸ್ಪ್ರಿಂಗನ್ನು ಒತ್ತಿ, ಎಷ್ಟು ಭಾರಕ್ಕೆ ಎಷ್ಟು ಕುಗ್ಗುತ್ತದೆ ಎಂದು ಮುಳ್ಳಿನಲ್ಲಿ ತೋರಿಸುವ ಯಂತ್ರ. ಹಳೆಯದನ್ನು ಇಟ್ಟು ತಿರುಗಿಸಿದಳು, ಮುಳ್ಳು ನೋಡಿದಳು. ಹೊಸದನ್ನು ಇಟ್ಟು ತಿರುಗಿಸಿದಳು. ಅದೇ ಭಾರ, ಅದೇ ಕುಗ್ಗು. ನಾಲ್ಕು ವರ್ಷ ದುಡಿದ ಸ್ಪ್ರಿಂಗು ಒಂದು ಕೂದಲಿನಷ್ಟೂ ಸೋತಿರಲಿಲ್ಲ.

ಸ್ಪ್ರಿಂಗು ಕುಗ್ಗಿಲ್ಲ. ಗಾಡಿ ಮಾತ್ರ ಎರಡು ಬೆರಳು ಇಳಿದಿದೆ. ಹಾಗಾದರೆ ಆ ಎರಡು ಬೆರಳು ಎಲ್ಲಿ ಹೋದವು? ಸ್ಪ್ರಿಂಗಿನ ಕೆಳಗಿರುವುದು ಹೆಬ್ಬೆರಳು ದಪ್ಪದ ಆ್ಯಕ್ಸಲ್ಲಿನ ಕಬ್ಬಿಣ, ಅದು ಬಗ್ಗುವುದಿಲ್ಲ. ಮೇಲಿರುವುದು ಗಾಡಿಯ ಮೈ. ಬರೀ ತಗಡು. ಸ್ಪ್ರಿಂಗಿನ ತಲೆ ಹೋಗಿ ಕೂರುವ ಒಂದು ಬಟ್ಟಲು, ಅದರ ಮೇಲೆ ಡಿಕ್ಕಿಯ ನೆಲ, ನೆಲದ ಮೇಲೆ ಮಡಚು ಸೀಟು, ಸೀಟಿನ ಮೇಲೆ...

ಎದ್ದು ಓಡಿದಳು. ಐವತ್ತೆಂಟು ವರ್ಷದ ಸುರುಳಿಯಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿದ್ದನ್ನು ಆ ಬೀದಿ ಅವತ್ತೇ ಮೊದಲು ಕಂಡಿದ್ದು. ಟೀ ಲೋಟ ಹಿಡಿದುಕೊಂಡೇ ಅಕ್ಕನೂ ಹಿಂದೆ ಹೊರಟಳು.

ಶೆಡ್ಡಿನಲ್ಲಿ ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿತ್ತು, ಚಕ್ರ ಬಿಚ್ಚಿತ್ತು. ಬಾವ ಗೋಡೆಗೆ ಒರಗಿ ನಿಂತಿದ್ದರು. ಸುರುಳಿಯಮ್ಮ ಮೌನಿಯ ಕೈಯಿಂದ ದೀಪ ಕಿತ್ತುಕೊಂಡು ನೆಲಕ್ಕೆ ಬೆನ್ನು ಹಚ್ಚಿ ಗಾಡಿಯ ಕೆಳಗೆ ತೂರಿದಳು. ಎಡಗಡೆಯ ಬಟ್ಟಲಿನ ಸುತ್ತ, ತುಕ್ಕು ಹಿಡಿಯದಿರಲೆಂದು ಎಂದೋ ಬಳಿದ ಟಾರಿನ ದಪ್ಪ ಪದರ. ನೋಡಲು ಏನೂ ಆಗಿಲ್ಲದಂತೆ ಇತ್ತು. ಸ್ಕ್ರೂಡ್ರೈವರಿನ ತುದಿ ಇಟ್ಟು ಮೆಲ್ಲಗೆ ಒತ್ತಿದಳು.

ಅದು ಹಿಡಿಯವರೆಗೂ ಒಳಗೆ ಹೋಯಿತು.

ಎಳೆದಾಗ ಟಾರಿನ ಜೊತೆಗೆ ಒಂದು ಹಿಡಿ ಕೆಂಪು ತುಕ್ಕು ಅವಳ ಕುತ್ತಿಗೆ ಮೇಲೆ ಸುರಿಯಿತು. ದೀಪ ಹತ್ತಿರ ಹಿಡಿದಳು. ಬಟ್ಟಲು ತನ್ನ ಜಾಗದಲ್ಲಿರಲಿಲ್ಲ. ಸುತ್ತಲಿನ ತಗಡು ಹರಿದು, ಸ್ಪ್ರಿಂಗು ಅದನ್ನು ಎರಡು ಬೆರಳು ಮೇಲಕ್ಕೆ, ಗಾಡಿಯ ಹೊಟ್ಟೆಯೊಳಕ್ಕೆ ತಳ್ಳಿಬಿಟ್ಟಿತ್ತು. ಹರಿದ ಅಂಚು ಒಂದು ಕಡೆ ಬೆಳ್ಳಗೆ ಹೊಳೆಯುತ್ತಿತ್ತು. ಮೊನ್ನೆ ಮೊನ್ನೆ ಹರಿದದ್ದು. ಇನ್ನೂ ಹಿಡಿದುಕೊಂಡಿದ್ದ ಭಾಗ ಅವಳ ಹೆಬ್ಬೆರಳಿಗಿಂತ ಅಗಲವಿರಲಿಲ್ಲ.

ಮೌನಿ ಪಕ್ಕಕ್ಕೆ ಬಂದು ಮಲಗಿ ನೋಡಿದ. ತುಂಬ ಹೊತ್ತು ನೋಡಿದ. "ಹೋದ ಸಲ ಟಾರು ಮುಚ್ಚಿತ್ತಮ್ಮ. ನನಗೆ ಕಾಣ್ಲಿಲ್ಲ," ಅಂದ.

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಜಾಗವೇ ಇರಲಿಲ್ಲ. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಲೆಕ್ಕ. ಗಾಡಿ ನಿಂತಿರುವಾಗ ಮೆತ್ತನೆಯದೂ ಗಟ್ಟಿಯದೂ ಹೊರುವುದು ಒಂದೇ ಭಾರ. ಗುಂಡಿಗೆ ಬಿದ್ದಾಗ ಮಾತ್ರ ಮೆತ್ತನೆಯ ಸ್ಪ್ರಿಂಗು ಏಟನ್ನು ತಾನು ತಿನ್ನುತ್ತದೆ, ಗಟ್ಟಿಯದು ಮೇಲಕ್ಕೆ ದಾಟಿಸುತ್ತದೆ. ಹಾಗಾದರೆ ನಾಲ್ಕು ವರ್ಷದಿಂದ ಪ್ರತಿ ಗುಂಡಿಯಲ್ಲೂ ಆ ತುಕ್ಕು ತಗಡನ್ನು ಕೆಳಗಿಂದ ಗುದ್ದುತ್ತಿದ್ದದ್ದು ಅವಳೇ ಆರಿಸಿ, ಬೆನ್ನು ತಟ್ಟಿಕೊಂಡು ಹಾಕಿಸಿದ ಸ್ಪ್ರಿಂಗು. ಇವತ್ತು ಇನ್ನೂ ಗಟ್ಟಿಯದನ್ನು ಹಾಕಿಸಿ ನಾಳೆ ಬೆಟ್ಟ ಹತ್ತಿಸುತ್ತಿದ್ದಳು. ನಾಲ್ಕು ಮಷೀನಿನ ಭಾರದ ಜೊತೆಗೆ. ಯಾವುದೋ ತಿರುವಿನಲ್ಲಿ ಸ್ಪ್ರಿಂಗು ನೆಲ ಸೀಳಿಕೊಂಡು ಮೇಲೆದ್ದು, ಗಾಡಿ ಚಕ್ರದ ಮೇಲೆ ಕುಸಿದು... ಮುಂದಕ್ಕೆ ಯೋಚಿಸಲಾರದೆ ಕಣ್ಣು ಮುಚ್ಚಿಕೊಂಡಳು.

ಕೆಳಗಿಂದ ಹೊರಬಂದು, ಮೈಮೇಲಿನ ತುಕ್ಕನ್ನೂ ಒರೆಸದೆ, ಹಿಂದಿನ ಬಾಗಿಲು ಎತ್ತಿದಳು. ಮಡಚು ಸೀಟನ್ನು ಮೌನಿ ಬಿಚ್ಚಿ ಪಕ್ಕಕ್ಕಿಟ್ಟ. ಅವಳು ನೆಲದ ಕಾರ್ಪೆಟ್ಟನ್ನು ಎಳೆದು ಮಡಚಿದಳು.

ಅಲ್ಲಿ ತೂತಿರಲಿಲ್ಲ. ಅಲ್ಲೊಂದು ತೇಪೆ ಇತ್ತು. ಅಂಗೈ ಅಗಲದ ಹೊಸ ತಗಡು; ಮೂಲೆಗಳನ್ನು ಅಂದವಾಗಿ ಗುಂಡಗೆ ಕತ್ತರಿಸಿ, ಅಂಚಿಗೆ ಮೇಣ ಹಚ್ಚಿ, ಸುತ್ತ ಹನ್ನೆರಡು ಪುಟ್ಟ ಸ್ಕ್ರೂ ಬಿಗಿದಿದ್ದರು. ಒಂದೊಂದರ ನಡುವೆಯೂ ಒಂದೇ ಅಂತರ. ಅಂಥ ಸ್ಕ್ರೂ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ. ಹೊಲಿಗೆ ಮಷೀನಿನ ತಟ್ಟೆಗೆ ಹಾಕುವ ಸ್ಕ್ರೂ ಅವು.

ಸುರುಳಿಯಮ್ಮ ತಿರುಗಿ ನೋಡಿದಳು.

"ಬಾವ, ಇದನ್ನ ನೀವು ಹಾಕಿದ್ದಾ?"

"ಹೌದು," ಅಂದರು ಬಾವ, ಅಂಗಿಗೆ ಗುಂಡಿ ಹಾಕಿದ್ದಾ ಎಂದು ಕೇಳಿದಾಗ ಹೇಳುವಷ್ಟು ಸಲೀಸಾಗಿ. "ಎರಡು ವರ್ಷ ಆಯ್ತೇನೋ. ಕಾರ್ಪೆಟ್ ತೊಳೆಯೋಣ ಅಂತ ತೆಗೆದೆ. ನೆಲ ಇಷ್ಟುದ್ದ ಬಿರುಕು ಬಿಟ್ಟಿತ್ತು. ಸ್ವಲ್ಪ ಉಬ್ಬಿತ್ತು ಕೂಡ, ಕೆಳಗಿಂದ ಏನೋ ಗುದ್ದಿದ ಹಾಗೆ. ಒಳಗೆ ನೀರು ಬರದಿರ್ಲಿ ಅಂತ ತಗಡು ಹೊಡೆದೆ."

"ಉಬ್ಬಿದ್ದು ನೋಡಿದ್ರಿ."

"ನೋಡಿದೆ."

"ಕೆಳಗಿಂದ ಗುದ್ದಿದೆ ಅಂತ ನಿಮಗೆ ಅನ್ನಿಸ್ತು."

"ಅನ್ನಿಸ್ತು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ಬಾವ?"

ಬಾವ ಅವಳನ್ನು ನಿಜವಾಗಿಯೂ ಅರ್ಥವಾಗದವರಂತೆ ನೋಡಿದರು. "ಹೇಳಿದೆನಲ್ಲಮ್ಮ. ನೆನಪಿಲ್ವಾ ನಿನಗೆ? ನಮ್ಮನೇಲೇ, ಎಲ್ಲರೂ ಊಟಕ್ಕೆ ಕೂತಿದ್ವಿ. ಗಾಡಿ ಹಿಂದೆ ತಗ್ಗಿರೋದು ಸ್ಪ್ರಿಂಗಿಂದಲ್ಲ ಅನ್ಸುತ್ತೆ, ಡಿಕ್ಕಿ ನೆಲ ಯಾಕೋ, ಅಂತ ಶುರು ಮಾಡ್ದೆ. ಅಷ್ಟರಲ್ಲಿ ನೀನು, ಬಾವ, ಅದು ಸ್ಪ್ರಿಂಗೇ, ಇನ್ನೆರಡು ವರ್ಷ ಓಡ್ಲಿ ಆಮೇಲೆ ದಪ್ಪಂದು ಹಾಕ್ತೀನಿ, ನೀವು ನಿಮ್ಮ ಸೂಜಿ ದಾರ ನೋಡ್ಕೊಳ್ಳಿ ಅಂದೆ. ಎಲ್ಲ ಎಷ್ಟು ನಕ್ಕಿದ್ವಿ."

ಅವಳಿಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಆ ಊಟ, ಆ ನಗು ಯಾವುದೂ ನೆನಪಿಗೆ ಬರಲಿಲ್ಲ. ಅಂಥ ಮಾತನ್ನು ಅವಳು ದಿನಕ್ಕೆ ಹತ್ತು ಜನಕ್ಕೆ ಹೇಳುತ್ತಿದ್ದಳು. ಯಾವುದನ್ನು ಅಂತ ನೆನಪಿಡುವುದು? ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

"ನಿಮ್ಮ ಕಣ್ಣಿಗೆ ಕಂಡಿತ್ತಲ್ಲ ಬಾವ. ಎದುರಿಗೇ ಇತ್ತಲ್ಲ."

"ಇತ್ತು. ಆದ್ರೆ ನೀನು ಸ್ಪ್ರಿಂಗ್ ಅಂದ್ಮೇಲೆ ನಾನೇ ತಪ್ಪು ನೋಡಿರ್ಬೇಕು ಅಂದ್ಕೊಂಡೆ. ಸ್ಪ್ರಿಂಗಿನ ವಿಷಯದಲ್ಲಿ ನಿನ್ನ ಮಾತು ಯಾವತ್ತು ತಪ್ಪಿದೆ?" ಅಂದರು ಬಾವ. ಅದರಲ್ಲಿ ಚುಚ್ಚುಮಾತು ಒಂದಿಷ್ಟೂ ಇರಲಿಲ್ಲ. ಚುಚ್ಚಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅಕ್ಕ ಮುಂದೆ ಬಂದಳು. ಲೋಟವನ್ನು ಗಾಡಿಯ ಅಂಚಿನ ಮೇಲಿಟ್ಟು, ಬಗ್ಗಿ, ತೇಪೆಯ ಮೇಲೆ ಕೈಯಾಡಿಸಿದಳು. ತಗಡು ನಡುವೆ ಉಬ್ಬಿತ್ತು. ಎರಡು ವರ್ಷದ ಹಿಂದೆ ಬಾವ ಚಪ್ಪಟೆಯಾಗಿ ಹೊಡೆದದ್ದು, ಈಗ ಕವುಚಿಟ್ಟ ಬಟ್ಟಲಿನಂತೆ ಎದ್ದಿತ್ತು. ಪಕ್ಕಕ್ಕಿಟ್ಟ ಸೀಟನ್ನು ನೋಡಿದಳು, ಮತ್ತೆ ಉಬ್ಬನ್ನು ನೋಡಿದಳು.

"ಸರಿಯಾಗಿ ನಾನು ಕೂರೋ ಜಾಗ," ಅಂದಳು ಮೆಲ್ಲಗೆ.

ಸುರುಳಿಯಮ್ಮ ಬೈಗುಳ ಕಾದಳು. ಅಕ್ಕ ಹೆಸರು ಹಿಡಿದು ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ಕಾದಳು. ಕರೆದು ಎರಡು ಬಾರಿಸಿದ್ದರೂ ಆಗುತ್ತಿತ್ತು. ಅಕ್ಕ ಸೆರಗಿನ ತುದಿಯಿಂದ ತಂಗಿಯ ಕುತ್ತಿಗೆ ಮೇಲಿನ ತುಕ್ಕನ್ನು ಒರೆಸಿದಳು. ಬಾವ ಮೌನಿಯ ಸ್ಕ್ರೂಡ್ರೈವರನ್ನು ಎತ್ತಿ ಅದರ ಜಾಗದಲ್ಲಿಟ್ಟರು. ಆಮೇಲೆ ಇಬ್ಬರೂ ಅವಳ ಮುಖ ನೋಡುತ್ತ ನಿಂತರು, ಇಷ್ಟು ವರ್ಷ ನಿಂತ ಹಾಗೇ.

"ಈಗ ನಾಳೆ ಏನ್ಮಾಡೋಣ?" ಅಂದಳು ಅಕ್ಕ. "ಮಗಳು ಕಾಯ್ತಿರ್ತಾಳೆ. ನಾನು ಮುಂದಿನ ಸೀಟಲ್ಲಿ ಕೂತು, ಮಷೀನನ್ನೆಲ್ಲ ಬಲಗಡೆ ಹೇರಿದ್ರೆ ಆಗುತ್ತಾ?"

"ನಿಧಾನಕ್ಕೆ ಓಡಿಸ್ತೀನಿ," ಅಂದರು ಬಾವ. "ನೀನು ಹೂಂ ಅಂದ್ರೆ ಹೋಗ್ತೀವಿ. ಬೇಡ ಅಂದ್ರೆ ಬೇಡ."

ಸುರುಳಿಯಮ್ಮನಿಗೆ ಆಗ ಹೊಳೆಯಿತು. ಹೂಂ ಅಂದರೆ ಇವರು ಹೋಗುತ್ತಾರೆ. ಉಬ್ಬನ್ನು ಕೈಯಾರೆ ಮುಟ್ಟಿ ನೋಡಿದ ಮೇಲೂ, ತುಕ್ಕನ್ನು ಕಣ್ಣಾರೆ ಕಂಡ ಮೇಲೂ, ಅವಳು ಒಂದು ಹೂಂ ಅಂದರೆ ಸಾಕು, ನಾಳೆ ಬೆಳಿಗ್ಗೆ ಇವರಿಬ್ಬರೂ ಈ ಗಾಡಿ ಹತ್ತಿ ಬೆಟ್ಟಕ್ಕೆ ಹೊರಡುತ್ತಾರೆ. ಗಾಡಿಯ ಕೆಳಗೆ ಮಲಗಿದ್ದಾಗಲೂ ಇಷ್ಟು ಭಯವಾಗಿರಲಿಲ್ಲ.

ಬಾವನ ಜೇಬಿಗೆ ಮರಳಿ ಸೇರಿದ್ದ ಗಾಡಿ ಕೀಯನ್ನು ಅವರನ್ನು ಕೇಳದೆಯೇ ತೆಗೆದು ಮೌನಿಯ ಕೈಗೆ ಕೊಟ್ಟಳು. "ಇದು ನಿನ್ನ ಹತ್ರ ಇರ್ಲಿ. ಬೆಸುಗೆ ಹಾಕೋರನ್ನ ಕರೆಸಿ ತೋರ್ಸು. ಅವರು ಏನಂತಾರೋ ಅದು. ಇವರಿಬ್ರೂ ಬಸ್ಸಲ್ಲಿ ಹೋಗ್ಲಿ." ಆಮೇಲೆ ಅಕ್ಕ ಬಾವನ ಕಡೆ ತಿರುಗಿದಳು. "ಈ ಗಾಡಿ ವಿಷಯ ಇನ್ಮೇಲೆ ನನ್ನನ್ನ ಕೇಳ್ಬೇಡಿ. ನನಗೆ ಗೊತ್ತಿಲ್ಲ."

ಡಿಕ್ಕಿಯ ನೆಲ ನೋಡಿದಾಗಲೂ ಅಲ್ಲಾಡದೆ ನಿಂತಿದ್ದ ಬಾವ, ಈ ಮಾತು ಕೇಳಿ ಗಾಬರಿಯಾದರು. ಎರಡು ಹೆಜ್ಜೆ ಮುಂದೆ ಬಂದು ಅವಳ ಮುಖವನ್ನೇ ನೋಡಿದರು.

"ಯಾಕಮ್ಮ, ಮೈಗೆ ಹುಷಾರಿಲ್ವಾ?" ಅಂದರು.